ಶ್ರೀರಂಗಪಟ್ಟಣದ ಬ್ಯಾರನ್ನೂ ನಮ್ಮೂರ ಜಗಲಿಯೂ

ಕ್ರಿಕೆಟ್ ಹುಚ್ಚು ಇರೋರಿಗೆ 664 ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1988ರ ಫೆಬ್ರವರಿಯಲ್ಲಿ ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ ಅನ್ನೋ ಇಬ್ಬರು ಸ್ಕೂಲು ಹುಡುಗರು ಔಟೇ ಆಗದೆ ಸೇರಿ ಹೊಡೆದ ರನ್ನುಗಳು. ಅದು ಮುಂಬೈಯ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್. ಈ ಕತೆಯನ್ನ ನಾನು ಎಷ್ಟು ಸಲ ಕೇಳಿದ್ದೇನೋ, ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಈ ಹ್ಯಾರಿಸ್ ಯಾರು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಹೋದ ಬೇಸಿಗೆ ರಜದಲ್ಲಿ ಮಗ ಕೇಳಿದ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ಅಪ್ಪಂದಿರಿಗೆ ಆಗೋದಿಲ್ಲವಲ್ಲ, "ಯಾವನೋ ಬ್ರಿಟಿಷ್ ಗವರ್ನರ್ ಕಣೋ" ಅಂದೆ. ಆಮೇಲೆ ಕದ್ದು ಹುಡುಕಿದೆ.

ಗವರ್ನರ್ ಅಂದದ್ದು ಸರಿಯಾಗೇ ಇತ್ತು. ಲಾರ್ಡ್ ಹ್ಯಾರಿಸ್, 1890ರಿಂದ 1895ರವರೆಗೆ ಬಾಂಬೆಯ ಗವರ್ನರ್. ಅದಕ್ಕೂ ಮುಂಚೆ ಇಂಗ್ಲೆಂಡ್ ತಂಡದ ಕ್ಯಾಪ್ಟನ್. 1880ರಲ್ಲಿ ಓವಲ್ ಮೈದಾನದಲ್ಲಿ ನಡೆದ, ಇಂಗ್ಲೆಂಡಿನ ನೆಲದ ಮೊಟ್ಟಮೊದಲ ಟೆಸ್ಟಿಗೆ ಇವನೇ ನಾಯಕ. ಸರಿ, ಇಷ್ಟೇ ಅಂದುಕೊಂಡು ಮುಚ್ಚಿಡುವಷ್ಟರಲ್ಲಿ ಅವನ ಪದವಿಯ ಪೂರ್ತಿ ಹೆಸರು ಕಣ್ಣಿಗೆ ಬಿತ್ತು. ಅವನು ನಾಲ್ಕನೆಯ ಬ್ಯಾರನ್ ಹ್ಯಾರಿಸ್. ಎಲ್ಲಿಯ ಬ್ಯಾರನ್? ಈಸ್ಟ್ ಇಂಡೀಸ್‌ನ ಸೆರಿಂಗಪಟಂ ಮತ್ತು ಮೈಸೂರು, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟ್.

ಸೆರಿಂಗಪಟಂ ಅಂದರೆ ಶ್ರೀರಂಗಪಟ್ಟಣ. ನಮ್ಮೂರು ಇರೋದು ಪಾಂಡವಪುರದ ಕಡೆ. ಸಂತೆಗೆ, ಸಿನಿಮಾಕ್ಕೆ, ಮಾವನ ಮನೆಗೆ, ಎಲ್ಲದಕ್ಕೂ ಪಟ್ಟಣ ದಾಟಿಕೊಂಡೇ ಹೋಗಬೇಕಿತ್ತು. ಗುಂಬಜ್, ದರಿಯಾ ದೌಲತ್, ಟಿಪ್ಪು ಸತ್ತ ಜಾಗ ಅಂತ ನೆಟ್ಟಿರೋ ಕಲ್ಲು, ರಂಗನಾಥಸ್ವಾಮಿ ಗುಡಿ, ವೆಲ್ಲೆಸ್ಲಿ ಸೇತುವೆ, ಇವೆಲ್ಲ ನಮಗೆ ಇತಿಹಾಸ ಆಗಿರಲಿಲ್ಲ, ದಾರಿ ಆಗಿದ್ದವು. ಆ ಊರಿನ ಹೆಸರು ಇನ್ನೂರು ವರ್ಷದಿಂದ ಇಂಗ್ಲೆಂಡಿನ ಒಂದು ಮನೆತನದಲ್ಲಿ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಆಸ್ತಿಯ ಹಾಗೆ ಇಳಿದುಕೊಂಡು ಬರ್ತಿದೆ ಅಂತ ಯಾರೂ ನಮಗೆ ಹೇಳಿರಲಿಲ್ಲ. ಆಮೇಲೆ ಊರಲ್ಲಿ ನಾಲ್ಕಾರು ಜನರನ್ನ ಕೇಳಿದೆ. ಟಿಪ್ಪು ಗೊತ್ತು, ಪೂರ್ಣಯ್ಯ ಗೊತ್ತು, ವೆಲ್ಲೆಸ್ಲಿ ಹೆಸರೂ ಗೊತ್ತು. ಹ್ಯಾರಿಸ್ ಯಾರಿಗೂ ಗೊತ್ತಿಲ್ಲ.

ಆ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ತಾತ ಮಾಡಿದ ಕೆಲಸದ ಗೌರವ ಮೊಮ್ಮಗನಿಗೆ ಬರೋದಾದರೆ, ಆ ಕೆಲಸದ ಪಾಪ ಯಾರಿಗೆ ಹೋಗ್ತದೆ? ಈ ಪ್ರಶ್ನೆಯನ್ನ ಹ್ಯಾರಿಸ್ ಮನೆಯವರಿಗೆ ಕೇಳೋದು ಸುಲಭ. ಅವರು ದೂರ ಇದ್ದಾರೆ. ಆದರೆ ಇದು ತಿರುಗಿ ನಮ್ಮ ಮನೆಯ ಜಗಲಿಗೇ ಬಂದು ನಿಲ್ತದೆ ಅಂತ ಶುರುವಿನಲ್ಲಿ ನನಗೂ ಅಂದಾಜಿರಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲನೆಯ ಹ್ಯಾರಿಸ್ ದೊಡ್ಡ ಮನೆತನದವನೇನಲ್ಲ. 1746ರಲ್ಲಿ ಹುಟ್ಟಿದ ಜಾರ್ಜ್ ಹ್ಯಾರಿಸ್, ಹಳ್ಳಿ ಚರ್ಚಿನ ಒಬ್ಬ ಸಣ್ಣ ಪಾದ್ರಿಯ ಮಗ. ಸೈನ್ಯ ಸೇರಿದ, ಅಮೆರಿಕಾದ ಯುದ್ಧಕ್ಕೆ ಹೋದ, 1775ರಲ್ಲಿ ಬಂಕರ್ ಹಿಲ್ ಕದನದಲ್ಲಿ ತಲೆಗೆ ಗುಂಡೇಟು ತಿಂದು ಹೇಗೋ ಬದುಕಿಕೊಂಡ. 1799ರಲ್ಲಿ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಟಿಪ್ಪುವಿನ ಮೇಲೆ ಯುದ್ಧ ಸಾರಿದಾಗ ಮದರಾಸಿನಿಂದ ಹೊರಟ ಸೈನ್ಯದ ಮುಖ್ಯಸ್ಥ ಇವನೇ. ಆ ಏಪ್ರಿಲ್ಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಮೇ 4ರ ಮಧ್ಯಾಹ್ನ, ಕಾವೇರಿಯಲ್ಲಿ ನೀರು ಕಮ್ಮಿ ಇದ್ದಾಗ, ಕೋಟೆಗೋಡೆ ಒಡೆದ ಜಾಗದಿಂದ ಸೈನ್ಯ ನುಗ್ಗಿತು. ನುಗ್ಗಿದವರ ಮುಂದಾಳು ಡೇವಿಡ್ ಬೇರ್ಡ್, ಅದೇ ಕೋಟೆಯಲ್ಲಿ ಹಿಂದೆ ವರ್ಷಗಟ್ಟಲೆ ಸೆರೆಯಲ್ಲಿ ಇದ್ದವನು. ಟಿಪ್ಪು ಕಾದಾಡುತ್ತಲೇ ಸತ್ತ. ಅವತ್ತು ರಾತ್ರಿ ಊರು ಲೂಟಿಯಾಯಿತು. ಮಾರನೇ ದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದವನು, ಲೂಟಿಕೋರರನ್ನ ಗಲ್ಲಿಗೇರಿಸಿ, ಛಡಿಯೇಟು ಹೊಡೆಸಿ ನಿಲ್ಲಿಸಬೇಕಾಯಿತು.

ರಾತ್ರಿ ದೋಚಿದ್ದು ಅಪರಾಧ. ಹಗಲು ಲೆಕ್ಕ ಬರೆದು ಹಂಚಿಕೊಂಡದ್ದು ಕಾನೂನು. ಗೆದ್ದ ಸೈನ್ಯ ಖಜಾನೆಯನ್ನ ಹುದ್ದೆಯ ಪ್ರಕಾರ ಪಾಲು ಹಾಕಿಕೊಳ್ಳೋದು ಆಗಿನ ಪದ್ಧತಿ. ಟಿಪ್ಪುವಿನ ಚಿನ್ನದ ಸಿಂಹಾಸನವನ್ನ ಇದಕ್ಕೋಸ್ಕರವೇ ಒಡೆದು ತುಂಡು ಮಾಡಿದರು. ಸಾಮಾನ್ಯ ಸಿಪಾಯಿಗೆ ಸಿಕ್ಕಿದ್ದು ಬೆರಳಲ್ಲಿ ಎಣಿಸುವಷ್ಟು ಪೌಂಡು. ದಂಡನಾಯಕ ಹ್ಯಾರಿಸನ ಪಾಲಿಗೆ ಬಂದದ್ದು 1,42,000 ಪೌಂಡಿಗೂ ಮೇಲೆ. ಊರಿಗೆ ವಾಪಸಾದ ಹ್ಯಾರಿಸ್ 1801ರಲ್ಲಿ ಕೆಂಟ್‌ನಲ್ಲಿ ಬೆಲ್ಮಾಂಟ್ ಅನ್ನೋ ಬಂಗಲೆಯನ್ನ, ಅದರ ಸುತ್ತಲ ಜಮೀನನ್ನ ಕೊಂಡುಕೊಂಡ. ಪಾದ್ರಿಯ ಮಗ ಜಮೀನ್ದಾರನಾದ.

ಪದವಿ ಬರೋಕೆ ಇನ್ನೂ ಹದಿನಾಲ್ಕು ವರ್ಷ ಹಿಡೀತು. 1815ರ ಆಗಸ್ಟಿನಲ್ಲಿ ರಾಜನ ಸನ್ನದು ಬಂತು, ಅದರಲ್ಲಿ ನಮ್ಮೂರ ಹೆಸರು ಸೇರಿತು. ಇವನೊಬ್ಬನೇ ಅಲ್ಲ, ಗೆದ್ದ ಊರಿನ ಹೆಸರನ್ನ ಗೆದ್ದವನ ಬೆನ್ನಿಗೆ ಕಟ್ಟೋದು ಅವರ ರೂಢಿ. ನೈಲ್‌ನ ನೆಲ್ಸನ್, ಮಗ್ದಾಲಾದ ನೇಪಿಯರ್, ಖಾರ್ಟೂಮಿನ ಕಿಚನರ್, ಬರ್ಮಾದ ಮೌಂಟ್‌ಬ್ಯಾಟನ್. ಪ್ಲಾಸಿ ಗೆದ್ದ ಕ್ಲೈವ್‌ಗೆ ಸಿಕ್ಕಿದ್ದು ಐರ್ಲೆಂಡಿನ ಪದವಿ, ಅವನು ಐರ್ಲೆಂಡಿನಲ್ಲಿದ್ದ ತನ್ನ ಎಸ್ಟೇಟಿಗೇ ಪ್ಲಾಸಿ ಅಂತ ಹೆಸರಿಟ್ಟುಬಿಟ್ಟ. ಇನ್ನು 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ ಕಾರ್ನ್‌ವಾಲಿಸ್, ಅದೇ ವರ್ಷ ಅರ್ಲ್ ಇದ್ದವನು ಮಾರ್ಕ್ವಿಸ್ ಆದ. ನಮ್ಮ ಸೋಲಿನಲ್ಲಿ ಇಂಗ್ಲೆಂಡಿನ ಎಷ್ಟೊಂದು ಮನೆಗಳಿಗೆ ನಾಮಕರಣ ಆಗಿದೆ ನೋಡಿ.

ತಮಾಷೆ ಏನು ಗೊತ್ತಾ? 1815ರಲ್ಲಿ ಮೈಸೂರಿಗೆ ಒಬ್ಬ ರಾಜ ಇದ್ದರು. 1799ರ ಜೂನ್‌ನಲ್ಲಿ ಐದೂ ತುಂಬದ ವಯಸ್ಸಿನಲ್ಲಿ ಪಟ್ಟಕ್ಕೆ ಕೂತ ಮುಮ್ಮಡಿ ಕೃಷ್ಣರಾಜ ಒಡೆಯರು. ಅತ್ತ ಕೆಂಟ್‌ನಲ್ಲಿ 'ಮೈಸೂರಿನ' ಹ್ಯಾರಿಸ್, ಇತ್ತ ಮೈಸೂರಿನಲ್ಲಿ ಮೈಸೂರಿನವರೇ ಆದ ಒಡೆಯರು. ಬ್ಯಾರನ್ನಿಗೆ ಇಲ್ಲಿ ಒಂದು ಗುಂಟೆ ಜಮೀನಿನ ಹಕ್ಕೂ ಇರಲಿಲ್ಲ, ಅದು ನಿಜ. ಪದವಿಯ ಜೊತೆಗಿರೋ ಊರಿನ ಹೆಸರು ಒಡೆತನದ ಗುರುತಲ್ಲ, ಗೆಲುವಿನ ಗುರುತು. ಅವನ ಮನೆತನದ ಲಾಂಛನದ ಮೇಲೆ ಒಂದು ಹಸಿರು ಹುಲಿ ಇದೆ. ಅದರ ಎದೆಗೆ ಬಾಣ ನೆಟ್ಟಿದೆ, ಹಣೆಯ ಮೇಲೆ ಪಾರ್ಸಿ ಲಿಪಿಯಲ್ಲಿ 'ಹೈದರ್' ಅಂತ ಬರೆದಿದೆ. ಹುಲಿ ಟಿಪ್ಪುವಿನ ಗುರುತು ಅಂತ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆ ಹುಲಿ ಬಾಣ ಚುಚ್ಚಿಸಿಕೊಂಡೇ ಇನ್ನೂರು ವರ್ಷದಿಂದ ನಿಂತಿದೆ.

ಇನ್ನು ಈ ಪದವಿ ಇಳಿದುಬರೋ ರೀತಿ ನೋಡಿ. ನಮ್ಮಲ್ಲಿ ಜಮೀನಾದರೆ ಪಾಲಾಗ್ತದೆ, ಮಾರಬಹುದು, ವಿಲ್ ಬರೆದು ಯಾರಿಗಾದರೂ ಕೊಡಬಹುದು. ಪದವಿಯನ್ನ ಮಾರೋ ಹಾಗಿಲ್ಲ, ಪಾಲು ಮಾಡೋ ಹಾಗಿಲ್ಲ, ಇಷ್ಟಬಂದವರಿಗೆ ಬರೆದುಕೊಡೋ ಹಾಗಿಲ್ಲ. ಸನ್ನದಿನಲ್ಲಿ ಹೇಳಿದ ದಾರಿಯಲ್ಲೇ ಅದು ಹರೀಬೇಕು. ಸಾಮಾನ್ಯವಾಗಿ ಆ ದಾರಿ ಅಂದರೆ ಗಂಡು ಸಂತಾನ. ಹೆಣ್ಣುಮಕ್ಕಳು ಹತ್ತು ಜನ ಇದ್ದರೂ ಪದವಿ ಅವರನ್ನ ದಾಟಿಕೊಂಡು ಯಾವುದೋ ದೂರದ ದಾಯಾದಿಯ ಮನೆ ಬಾಗಿಲು ತಟ್ತದೆ. ಮೌಂಟ್‌ಬ್ಯಾಟನ್‌ಗೆ ಗಂಡು ಮಕ್ಕಳಿರಲಿಲ್ಲ ಅಂತ ಮಗಳಿಗೆ ಹೋಗುವ ಹಾಗೆ ಸನ್ನದಿನಲ್ಲೇ ವಿಶೇಷವಾಗಿ ಬರೆಸಿದರು. ಮನಸ್ಸು ಮಾಡಿದರೆ ನಿಯಮ ಬಗ್ಗುತ್ತೆ ಅಂತಾಯ್ತು, ಎಲ್ಲರಿಗೂ ಬಗ್ಗಲಿಲ್ಲ ಅಷ್ಟೇ.

ಹ್ಯಾರಿಸ್ ಪದವಿಗೂ ಹೀಗೇ ಆಯ್ತು. ಮೂರನೆಯ ಬ್ಯಾರನ್ ಮೊದಲು ಟ್ರಿನಿಡಾಡ್, ಆಮೇಲೆ 1854ರಿಂದ 1859ರವರೆಗೆ ಮದರಾಸಿನ ಗವರ್ನರ್. ನಾಲ್ಕನೆಯವನು ನಮ್ಮ ಶೀಲ್ಡ್ ಹ್ಯಾರಿಸ್. ಐದನೆಯವರಿಗೆ ಗಡಿಯಾರದ ಹುಚ್ಚು; ಅವರು ಕೂಡಿಸಿದ ಹಳೇ ಗಡಿಯಾರಗಳು ಮುನ್ನೂರಕ್ಕೂ ಮೇಲೆ, ಇವತ್ತಿಗೂ ಬೆಲ್ಮಾಂಟ್‌ನಲ್ಲಿವೆ, ಜನ ಟಿಕೆಟ್ ತಗೊಂಡು ಹೋಗಿ ನೋಡ್ತಾರೆ. 1995ರಲ್ಲಿ ಆರನೆಯ ಬ್ಯಾರನ್ ತೀರಿಕೊಂಡಾಗ ನೇರ ವಾರಸುದಾರ ಇರಲಿಲ್ಲ. ಪದವಿ ದೂರದ ದಾಯಾದಿಗೆ ಹೋಯಿತು. ಮನೆ ಟ್ರಸ್ಟಿನ ಕೈಯಲ್ಲಿ ಉಳಿಯಿತು. ಶ್ರೀರಂಗಪಟ್ಟಣದ ಹೆಸರು ಒಂದು ಕಡೆ, ಶ್ರೀರಂಗಪಟ್ಟಣದ ದುಡ್ಡಿನಿಂದ ಬಂದ ಮನೆ ಇನ್ನೊಂದು ಕಡೆ.

ಈಗ ಪ್ರಶ್ನೆಗೆ ಬರೋಣ.

ಮೊದಲನೇ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತೆ. ಈಗಿನವರು ಏನು ಮಾಡಿದ್ದಾರೆ ಪಾಪ? 1799ರಲ್ಲಿ ಅವರು ಹುಟ್ಟಿಯೇ ಇರಲಿಲ್ಲ. ತಾತನ ಪಾಪಕ್ಕೆ ಮೊಮ್ಮಗನನ್ನ ಹಿಡಿಯೋದು ಯಾವ ನ್ಯಾಯ? ನಾನೂ ಒಪ್ತೀನಿ. ಪಾಪ ರಕ್ತದಲ್ಲಿ ಹರಿಯೋ ವಸ್ತುವಲ್ಲ. ಆದರೆ ಶೌರ್ಯ ಹರಿಯುತ್ತಾ? ಮಗ ಕೋಟೆ ಹತ್ತಿದ್ನಾ, ಮೊಮ್ಮಗ ಗುಂಡೇಟು ತಿಂದ್ನಾ? ಪಾಪ ಇಳಿಯೋದಿಲ್ಲ ಅನ್ನೋದಾದರೆ ಗೌರವವೂ ಇಳಿಯಬಾರದು. ಒಂದಕ್ಕೆ ಒಂದು ತಕ್ಕಡಿ, ಇನ್ನೊಂದಕ್ಕೆ ಇನ್ನೊಂದು ತಕ್ಕಡಿ ಇಟ್ಟುಕೊಂಡರೆ ಅದು ಅಂಗಡಿಯವನ ಮೋಸ ಅಂತೀವಿ.

ಇಂಗ್ಲಿಷರ ಕಾನೂನಿಗೆ ಪಾಪ ವಂಶಕ್ಕೆ ಇಳಿಯೋದು ಗೊತ್ತೇ ಇರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಿತ್ತು. ರಾಜದ್ರೋಹಕ್ಕೆ ಶಿಕ್ಷೆಯಾದವನ ರಕ್ತವೇ ಕೆಟ್ಟುಹೋಯಿತು ಅನ್ನೋ ನಿಯಮ ಇತ್ತು. ಅವನ ಪದವಿ, ಆಸ್ತಿ ಎಲ್ಲ ಮುಟ್ಟುಗೋಲು, ಅವನ ಮೂಲಕ ಮಕ್ಕಳು ಮೊಮ್ಮಕ್ಕಳಿಗೆ ಏನೂ ಬರೋ ಹಾಗಿಲ್ಲ. 1715ರ ದಂಗೆಯಲ್ಲಿ ರಾಜನ ವಿರುದ್ಧ ನಿಂತ ಅರ್ಲ್ ಆಫ್ ಮಾರ್‌ನ ಪದವಿ ಹೀಗೆ ಹೋಗಿ, ಅವನ ವಂಶಕ್ಕೆ ವಾಪಸು ಸಿಕ್ಕಿದ್ದು 1824ರಲ್ಲಿ. ನೂರು ವರ್ಷ ಅವರು ತಾತನ ತಪ್ಪು ಹೊತ್ತರು. ಈ ನಿಯಮ ಪೂರ್ತಿ ಹೋದದ್ದು 1870ರಲ್ಲಿ. ಅಂದರೆ ತಾತನ ತಪ್ಪು ಮೊಮ್ಮಗನಿಗೆ ಇಳೀತಿತ್ತು, ಆದರೆ ಆ ತಪ್ಪು ರಾಜನಿಗೆ ಮಾಡಿದ್ದಾಗಿರಬೇಕಿತ್ತು. ಶ್ರೀರಂಗಪಟ್ಟಣದ ಜನರಿಗೆ ಮಾಡಿದ್ದಾದರೆ ಲೆಕ್ಕಕ್ಕಿಲ್ಲ.

ಎರಡನೇ ಉತ್ತರ, ಅದು ಬರೀ ಹೆಸರು ಬಿಡಿ ಅನ್ನೋದು. ಬರೀ ಹೆಸರಾಗಿರಲಿಲ್ಲ. 1815ರಿಂದ 1999ರವರೆಗೆ, ಅಂದರೆ ಲಾರ್ಡ್ಸ್ ಸಭೆಯಿಂದ ಹುಟ್ಟಿನ ಹಕ್ಕಿನ ಸದಸ್ಯರಲ್ಲಿ 92 ಜನರನ್ನ ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸೋವರೆಗೆ, ಆ ಹೆಸರಿನ ಜೊತೆ ಪಾರ್ಲಿಮೆಂಟಿನಲ್ಲಿ ಒಂದು ಕುರ್ಚಿ ಇತ್ತು. ಓಟು ಕೇಳಬೇಕಾಗಿಲ್ಲ, ಪರೀಕ್ಷೆ ಬರೀಬೇಕಾಗಿಲ್ಲ, ಹುಟ್ಟಿದರೆ ಸಾಕು. ನಾಲ್ಕನೆಯ ಹ್ಯಾರಿಸ್ 1885ರಲ್ಲಿ ಇಂಡಿಯಾ ಖಾತೆಯ ಉಪಮಂತ್ರಿ ಆಗಿದ್ದ. ಮುತ್ತಾತ ಗೆದ್ದ ದೇಶದ ಫೈಲುಗಳು ಮರಿಮಗನ ಮೇಜಿಗೆ ಬಂದವು.

ಮೂರನೇ ಉತ್ತರ ನಮ್ಮ ಕಡೆಯವರದೇ. ಆ ಕಾಲದಲ್ಲಿ ಎಲ್ಲರೂ ಹಾಗೇ ಅಲ್ವಾ, ಟಿಪ್ಪು ಏನು ಸಾಚಾನಾ ಅಂತ. ಟಿಪ್ಪು ಬಗ್ಗೆ ಕೊಡಗಿನಲ್ಲಿ ಒಂದು ನೆನಪು, ಮೇಲುಕೋಟೆಯಲ್ಲಿ ಒಂದು ನೆನಪು, ಪಟ್ಟಣದಲ್ಲಿ ಇನ್ನೊಂದು. ಆ ಜಗಳಕ್ಕೆ ನಾನು ಇಲ್ಲಿ ಇಳಿಯೋದಿಲ್ಲ. ಒಂದು ಮಾತು ಮಾತ್ರ ಹೇಳ್ತೀನಿ. ಟಿಪ್ಪುವಿನ ಮಕ್ಕಳನ್ನ ಮೊದಲು ವೆಲ್ಲೂರಿಗೆ, 1806ರ ದಂಗೆಯಾದ ಮೇಲೆ ಕಲ್ಕತ್ತೆಗೆ ಸಾಗಿಸಿದರು. ಅಪ್ಪನ ಹೆಸರಿನ ಭಾರವನ್ನ ಅವರು ಬೇಡ ಅಂದರೂ ಹೊರಬೇಕಾಯಿತು. ಅವರಲ್ಲೊಬ್ಬ ಗುಲಾಮ್ ಮೊಹಮ್ಮದ್ 1842ರಲ್ಲಿ ಕಲ್ಕತ್ತೆಯ ಧರ್ಮತಲಾದಲ್ಲಿ ಅಪ್ಪನ ನೆನಪಿಗೆ ಮಸೀದಿ ಕಟ್ಟಿಸಿದ. ಅಪ್ಪನದು ತಮಗೆ ಸಂಬಂಧವಿಲ್ಲ ಅನ್ನೋ ಸೌಲಭ್ಯ ಸೋತವರ ಮಕ್ಕಳಿಗೆ ಸಿಗೋದಿಲ್ಲ. ಅದು ಗೆದ್ದವರ ಮಕ್ಕಳಿಗೆ ಮಾತ್ರ ಸಿಗೋ ಸೌಲಭ್ಯ.

ಹಾಗಾದರೆ ಪದವಿಯನ್ನ ಬಿಸಾಕಿಬಿಡಲಿ ಅನ್ನಬಹುದು. ಬಿಸಾಕೋಕೆ ನೋಡಿದವನೊಬ್ಬ ಇದ್ದ, ಟೋನಿ ಬೆನ್. ಅಪ್ಪ ವೈಕೌಂಟ್ ಸ್ಟಾನ್ಸ್‌ಗೇಟ್, ಒಂದು ಕಾಲದಲ್ಲಿ ಇಂಡಿಯಾ ಖಾತೆಯ ಮಂತ್ರಿ. 1960ರಲ್ಲಿ ಅಪ್ಪ ತೀರಿಕೊಂಡ ಕ್ಷಣವೇ ಮಗ ಲಾರ್ಡ್ ಆಗಿಹೋದ. ಲಾರ್ಡ್ ಆದವನು ಕಾಮನ್ಸ್ ಸಭೆಯಲ್ಲಿ ಕೂರೋ ಹಾಗಿಲ್ಲ. ನನಗೆ ಬೇಡ ಅಂದ, ಕೇಳಲಿಲ್ಲ. ಉಪಚುನಾವಣೆಯಲ್ಲಿ ನಿಂತು ಗೆದ್ದ, ಆದರೂ ಕೋರ್ಟು ಸೋತವನಿಗೆ ಸೀಟು ಕೊಟ್ಟಿತು. ಕೊನೆಗೆ 1963ರ ಜುಲೈ 31ರಂದು ಪದವಿ ತ್ಯಜಿಸೋಕೆ ಅವಕಾಶ ಕೊಡೋ ಕಾಯ್ದೆ ಬಂತು, ಬೆನ್ ಅವತ್ತೇ ಅರ್ಜಿ ಹಾಕಿ ಕಳಚಿಕೊಂಡ. ಆದರೆ ಆ ಕಾಯ್ದೆಯಲ್ಲಿ ಒಂದು ಮಾತಿದೆ. ತ್ಯಜಿಸೋದು ತನ್ನ ಜೀವಮಾನಕ್ಕೆ ಮಾತ್ರ. ಪದವಿ ಸಾಯೋದಿಲ್ಲ, ಮಲಗಿರುತ್ತೆ. 2014ರಲ್ಲಿ ಬೆನ್ ತೀರಿಕೊಂಡಾಗ ಎದ್ದು ಮಗನ ಹೆಗಲೇರಿತು, 2021ರಲ್ಲಿ ಆ ಮಗ ಲಾರ್ಡ್ಸ್ ಸಭೆಯಲ್ಲೂ ಬಂದು ಕೂತರು. ಹುಟ್ಟಿನಿಂದ ಬಂದದ್ದನ್ನ ಒಬ್ಬನೇ ಮನುಷ್ಯ, ಎಷ್ಟೇ ಒಳ್ಳೇ ಮನಸ್ಸಿನವನಾದರೂ, ಕೊನೆಗಾಣಿಸೋಕೆ ಆಗೋದಿಲ್ಲ ಅನ್ನೋದು ಇದರಿಂದ ನನಗೆ ತಿಳಿದದ್ದು.

ಅದೇ 1963, ಫೆಬ್ರವರಿ 1. ಮೈಸೂರು ರಾಜ್ಯದಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಜಾರಿಗೆ ಬಂತು. ವಂಶಪಾರಂಪರ್ಯವಾಗಿ ಬಂದಿದ್ದ ಪಟೇಲಿಕೆ, ಶಾನುಭೋಗಿಕೆ ಎಲ್ಲ ಒಂದೇ ಏಟಿಗೆ ಹೋದವು. ನನ್ನ ತಾತ ನಮ್ಮೂರ ಪಟೇಲರಾಗಿದ್ದರು. ಅವರಪ್ಪ ಆಗಿದ್ದರು, ಅವರಪ್ಪನ ಅಪ್ಪನೂ ಆಗಿದ್ದರು. ನಮ್ಮದೂ ಗಂಡು ಸಂತಾನದ ದಾರಿಯೇ. ಬ್ಯಾರನ್ನಿಗೆ ಸನ್ನದು, ನಮಗೆ ಪಟೇಲಿಕೆ. ದೊಡ್ಡದು ಚಿಕ್ಕದು ಅನ್ನೋ ವ್ಯತ್ಯಾಸ ಬಿಟ್ಟರೆ ಜಾತಿ ಒಂದೇ.

ಅಧಿಕಾರ ಹೋಯಿತು, ಆದರೆ ಪಟೇಲಿಕೆಗೆ ಅಂತ ಇದ್ದ ಇನಾಮು ಜಮೀನನ್ನ ಸರ್ಕಾರ ದುಡ್ಡು ಕಟ್ಟಿಸಿಕೊಂಡು ತಾತನ ಹೆಸರಿಗೇ ಮರುಮಂಜೂರು ಮಾಡಿತು. ಆ ಗದ್ದೆಯ ಕಬ್ಬಿನಲ್ಲೇ ನಮ್ಮಪ್ಪ ನನ್ನನ್ನ ಇಂಜಿನಿಯರಿಂಗ್ ಓದಿಸಿದ್ದು. ಹ್ಯಾರಿಸ್ ಮನೆಗೆ ಹೆಸರು ಉಳಿದು ಬಂಗಲೆ ಕೈಬಿಟ್ಟಿತು. ನಮಗೆ ಹೆಸರು ಹೋಗಿ ಗದ್ದೆ ಉಳಿಯಿತು. ಹೆಸರೂ ಪೂರ್ತಿ ಹೋಯಿತಾ? ಇವತ್ತಿಗೂ ಬಸ್ ಇಳಿದು ಕೇಳಿದರೆ ನಮ್ಮ ಮನೆಗೆ ದಾರಿ ತೋರಿಸೋದು 'ಪಟೇಲರ ಮನೆ' ಅಂತಲೇ.

ತಾತನ ಬಗ್ಗೆ ನಮ್ಮ ಮನೆಯಲ್ಲಿ ಹೇಳೋ ಕತೆಗಳೆಲ್ಲ ಒಳ್ಳೆಯವೇ. ಬರಗಾಲದಲ್ಲಿ ಕಣಜ ತೆಗೆದು ರಾಗಿ ಅಳೆದರು, ಊರಿಗೆ ಸ್ಕೂಲು ತಂದರು. ಎಲ್ಲಾ ನಿಜ. ಆದರೆ ನಮ್ಮ ಗದ್ದೆಗೆ ಮೊದಲಿಂದಲೂ ಕೆಲಸಕ್ಕೆ ಬರ್ತಿದ್ದ ಒಬ್ಬರಿದ್ದಾರೆ, ಹೆಸರು ಬೇಡ. ಈಗ ಎಂಬತ್ತರ ಹತ್ತಿರ. ಚಿಕ್ಕಂದಿನಲ್ಲಿ ನಾನು ಅವರನ್ನ ಏಕವಚನದಲ್ಲೇ ಕರೀತಿದ್ದೆ, ನಮ್ಮಪ್ಪನಿಗಿಂತ ದೊಡ್ಡವರು. ಅವರು ನನ್ನನ್ನ, ಚಡ್ಡಿ ಹಾಕ್ಕೊಂಡು ಗೋಲಿ ಆಡ್ತಿದ್ದ ಹುಡುಗನನ್ನ, 'ಬುದ್ದಿ' ಅಂತಿದ್ದರು. ಅವರ ಅಪ್ಪನನ್ನ ನಮ್ಮ ತಾತ ಚಾವಡಿ ಕಂಬಕ್ಕೆ ಕಟ್ಟಿ ಹೊಡೆಸಿದ್ದರು ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದಮೇಲೆ, ಅದೂ ಬೇರೆಯವರಿಂದ. ಪಟೇಲರು ಬರುವಾಗ ಎದ್ದು ನಿಲ್ಲಲಿಲ್ಲ ಅನ್ನೋದು ಕಾರಣವಂತೆ. ನಮ್ಮ ಮನೆಯ ಕತೆಗಳಲ್ಲಿ ಇದು ಇಲ್ಲ. ಅವರ ಮನೆಯ ಕತೆಗಳಲ್ಲಿ ಬರಗಾಲದ ರಾಗಿಯೂ ಇದೆ, ಈ ಕಂಬವೂ ಇದೆ.

ಹ್ಯಾರಿಸರ ಬಗ್ಗೆ ಇಷ್ಟೆಲ್ಲ ಓದ್ತಾ ಇದ್ದಾಗ, ನಾನು ಯಾವ ತಕ್ಕಡಿಯಲ್ಲಿ ಅವರನ್ನ ತೂಗ್ತಿದ್ದೇನೋ ಅದೇ ತಕ್ಕಡಿಯಲ್ಲಿ ನಾನೂ ಕೂತಿದ್ದೀನಿ ಅಂತ ಅನ್ನಿಸೋಕೆ ಶುರುವಾಯ್ತು.

ನಮ್ಮದೇ ಹಳೇ ಧರ್ಮಶಾಸ್ತ್ರದಲ್ಲಿ ಇದಕ್ಕೊಂದು ದಾರಿ ಇದೆಯಾ ಅಂತ ನೋಡಿದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಇವತ್ತಿನ ಬಸವಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದದ್ದು ಮಿತಾಕ್ಷರ. ಮಗ ಹುಟ್ಟಿದ ಕೂಡಲೇ ಅಪ್ಪನ ಆಸ್ತಿಗೆ ಹಕ್ಕುದಾರ ಅನ್ನೋದು ಅದರ ನ್ಯಾಯ. ಈ ಪರಂಪರೆಯಲ್ಲೇ ಅಪ್ಪನ ಸಾಲ ತೀರಿಸೋದು ಮಗನ ಧರ್ಮ ಅಂತಲೂ ಇತ್ತು, ನಮ್ಮ ಕೋರ್ಟುಗಳು 2005ರವರೆಗೂ ಇದನ್ನ ಒಪ್ಪುತ್ತಿದ್ದವು. ಆದರೆ ಅದರಲ್ಲಿ ಒಂದು ವಿನಾಯಿತಿ. ಜೂಜಿಗೆ, ಕುಡಿತಕ್ಕೆ ಮಾಡಿದಂಥ ಕೆಟ್ಟ ಸಾಲಗಳನ್ನ ಮಗ ತೀರಿಸಬೇಕಾಗಿಲ್ಲ. ಓದಿ ಸಮಾಧಾನ ಆಯಿತು, ಒಳ್ಳೇ ನ್ಯಾಯ. ಆಮೇಲೆ ಇನ್ನೊಂದು ಯೋಚನೆ ಬಂತು. ಅಪ್ಪ ಜೂಜಿನಲ್ಲಿ ಸೋತದ್ದು ನನಗೆ ಬರೋದಿಲ್ಲ ಸರಿ. ಜೂಜಿನಲ್ಲಿ ಗೆದ್ದದ್ದು? ಅದನ್ನ ಬೇಡ ಅಂದ ಮಗ ಯಾರಾದರೂ ಇದ್ದಾರಾ? ಗೆದ್ದ ದುಡ್ಡಿನಲ್ಲಿ ಮನೆ ಕಟ್ಟಿ, ಸೋತ ಸಾಲಕ್ಕೆ ಶಾಸ್ತ್ರ ತೋರಿಸೋನಿಗೆ ಏನನ್ನಬೇಕು?

ಅದಕ್ಕೇ ನನಗೆ ಅನ್ನಿಸಿದ್ದು ಇಷ್ಟು. ಪಾಪವೂ ಇಳಿಯೋದಿಲ್ಲ, ಪುಣ್ಯವೂ ಇಳಿಯೋದಿಲ್ಲ, ಇಳಿಯೋದು ಖಾತೆ ಪುಸ್ತಕ. ಬಂದದ್ದೇನು, ಯಾರಿಂದ ಬಂತು, ಅದಕ್ಕೆ ಏನು ಬೆಲೆ ತೆತ್ತರು, ತೆತ್ತವರು ಯಾರು ಅನ್ನೋ ಲೆಕ್ಕ. ಪುಸ್ತಕ ನನ್ನ ಕೈಯಲ್ಲಿದೆ ಅಂದಮೇಲೆ ಆದಾಯದ ಪುಟ ಮಾತ್ರ ಓದಿ ಖರ್ಚಿನ ಪುಟ ಹರಿದು ಹಾಕೋ ಹಾಗಿಲ್ಲ. ತಾತ ಮಾಡಿದ್ದಕ್ಕೆ ನಾನು ಅಪರಾಧಿ ಅಲ್ಲ. ಆದರೆ ತಾತನ ಹೆಸರು ಹೇಳಿಕೊಂಡು, ತಾತನ ಗದ್ದೆಯ ಫೀಸು ಕಟ್ಟಿಸಿಕೊಂಡು, ಆ ಕಂಬದ ವಿಷಯ ಬಂದಾಗ ಮಾತ್ರ 'ನನಗೂ ಅದಕ್ಕೂ ಏನು ಸಂಬಂಧ' ಅಂದರೆ, ಅಲ್ಲಿಂದ ಮುಂದಕ್ಕೆ ಆಗೋ ತಪ್ಪು ತಾತನದಲ್ಲ, ನನ್ನದು.

ಹ್ಯಾರಿಸ್ ಮನೆತನದವರಿಂದ ಶ್ರೀರಂಗಪಟ್ಟಣದ ಹೆಸರನ್ನ ವಾಪಸು ಕೇಳಬೇಕು ಅಂತ ನನಗೇನೂ ಅನ್ನಿಸಿಲ್ಲ. ವಾಪಸು ತಗೊಂಡು ಎಲ್ಲಿಡೋಣ? ಹೆಸರು ಅಲ್ಲೇ ಇರಲಿ. ಬೆಲ್ಮಾಂಟ್‌ನಲ್ಲಿ ಗಡಿಯಾರ ನೋಡೋಕೆ ಬಂದವರಿಗೆ ಈ ಗೋಡೆ, ಈ ತೋಟ ಯಾವ ಊರಿನ ಖಜಾನೆಯಿಂದ ಬಂತು, ಅವತ್ತು ರಾತ್ರಿ ಆ ಊರಲ್ಲಿ ಏನಾಯಿತು ಅಂತಲೂ ಹೇಳಿದರೆ ಆ ಹೆಸರು ಅಲ್ಲಿರೋದಕ್ಕೆ ಅರ್ಥ ಬರ್ತದೆ. ಹಾಗೇ ನಮ್ಮ ಸಂವಿಧಾನದ 18ನೇ ವಿಧಿ ಬಿರುದು ಬಾವಲಿಗಳನ್ನ ರದ್ದು ಮಾಡಿದೆ ಅಂತ ನಾವು ಎದೆ ಉಬ್ಬಿಸಿಕೊಳ್ಳೋದರಲ್ಲೂ ಬಹಳ ಅರ್ಥ ಇಲ್ಲ. ಬಿರುದು ಕಾಗದದ ಮೇಲೆ ಹೋದರೂ ನಾಲಗೆಯ ಮೇಲೆ ಉಳೀತದೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಅವರು ಅವರ ಮನೆ ಜಗಲಿ ಮೇಲೆ ಕೂತಿದ್ದರು. ನನ್ನನ್ನ ಕಂಡ ಕೂಡಲೇ ಗೋಡೆ ಹಿಡಕೊಂಡು ಏಳೋಕೆ ಹೋದರು. ಮಂಡಿ ನೋವು, ಏಳೋಕೆ ಆಗ್ತಿಲ್ಲ. ನಾನು ಓಡಿಹೋಗಿ ಭುಜ ಹಿಡಿದೆ. "ಕೂತ್ಕೊಳ್ಳಿ, ಕೂತ್ಕೊಳ್ಳಿ, ನನಗೆಲ್ಲ ಯಾಕೆ ಏಳ್ತೀರಿ" ಅಂದೆ. ಒಳ್ಳೇ ಕೆಲಸ ಮಾಡ್ತಿದ್ದೀನಿ ಅಂತ ಒಳಗೊಳಗೇ ಒಂದು ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅವರು ಕೂತರು. ಉಸಿರು ತಗೊಂಡು, ನಗ್ತಾ ಅಂದರು: "ಕುಂತ್ಕೋ ಅನ್ನಕ್ಕೂ ನೀವೇ ಬರ್ಬೇಕಾಯ್ತಲ್ಲ ಬುದ್ದಿ."

ಕುಹಕ ಇರಲಿಲ್ಲ ಆ ಮಾತಿನಲ್ಲಿ. ಅಥವಾ ಇತ್ತೇನೋ, ನನಗೆ ಗೊತ್ತಾಗಲಿಲ್ಲ. ನಾನು ಬೆನ್ ಸಾಹೇಬನ ಹಾಗೆ ಕಳಚಿಡೋಕೆ ಹೋಗಿದ್ದೆ. ಕಳಚಿಡೋ ಅಧಿಕಾರವೂ ಪಟೇಲರ ಮನೆಯವನಿಗೇ ಇರೋದು ಅಂತ ಅವರು ತೋರಿಸಿಬಿಟ್ಟರು. ನಾನು ಕೂತ್ಕೊಳ್ಳಿ ಅಂದದ್ದರಿಂದ ಅವರು ಕೂತದ್ದು. ನಾನು ಹೇಳದೇ ಇದ್ದಿದ್ದರೆ, ಆ ಮಂಡಿಯಲ್ಲೂ ನಿಂತೇ ಇರ್ತಿದ್ದರು.

ಏನು ಮಾಡಬೇಕೋ ತಿಳೀದೆ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಮಗನೂ ಜೊತೆಗಿದ್ದ. ಸ್ವಲ್ಪ ಹೊತ್ತು ಮಳೆ, ಕಾಲುವೆ ನೀರು, ಕಬ್ಬಿನ ರೇಟು ಅಂತ ಮಾತಾಡಿದೆವು. ಆಮೇಲೆ ಗಂಟಲು ಸರಿ ಮಾಡಿಕೊಂಡು ಕೇಳಿದೆ. "ನಿಮ್ಮ ತಂದೇರ ವಿಷ್ಯ, ಆ ಚಾವಡಿ ಕಂಬದ್ದು, ನನಗೆ ಸರಿಯಾಗಿ ಗೊತ್ತಿಲ್ಲ. ನಮ್ಮ ಮನೇಲಿ ಯಾರೂ ಹೇಳಿಲ್ಲ. ನೀವು ಹೇಳ್ತೀರಾ? ಇವನೂ ಕೇಳಲಿ."

ಅವರು ಬಹಳ ಹೊತ್ತು ನನ್ನನ್ನ ನೋಡಿದರು, ಮಗನನ್ನೂ ನೋಡಿದರು. ಆಮೇಲೆ ಒಳಗಡೆ ತಿರುಗಿ, ಟೀ ಇಡು ಅಂತ ಸೊಸೆಗೆ ಕೂಗಿ ಹೇಳಿ, ಮೊದಲಿಂದ ಶುರು ಮಾಡಿದರು.